ಹಡಗಿನ ತೇಗದ ಹೊಸ್ತಿಲು

ದೆವ್ವ, ಭೂತ ಅಂದರೆ ನಗುತ್ತಿದ್ದವ ನಾನು. ಈಗಲೂ ನಂಬುತ್ತೇನೆ ಅಂತ ನಿಮ್ಮ ಮುಂದೆ ಹೇಳಲಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಇದ್ದ ಹಾಗೆ ಹೇಳಿಬಿಡುತ್ತೇನೆ.

ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ನಮ್ಮ ಮನೆ. ಇಲ್ಲಿಯ ಬಿಲ್ಡರ್‌ಗಳು ಹೊಸ್ತಿಲು ಇಡುವುದಿಲ್ಲ. ಹೆಂಡತಿ ಸುಧಾ ತುಂಬು ಬಸುರಿ. ಹಿಂದೊಮ್ಮೆ ಕೂಸನ್ನು ಕಳೆದುಕೊಂಡವಳು. ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಹೊಸ್ತಿಲಾ ಎಲ್ಲಿ ಐತಿ?"

"ಇಲ್ದಿದ್ರೆ ವ್ಯಾಕ್ಯೂಮ್ ಸಲೀಸಾಗಿ ಓಡಾಡತ್ತೆ ಅತ್ತೆ."

"ಲಕ್ಷ್ಮಿ ಏನ್ ವ್ಯಾಕ್ಯೂಮ್ ಏನ್ರಿ, ಅಳಿಯಂದ್ರ?"

ಕೆಲಸದ ಮೇಲೆ ಕಾರಿನಲ್ಲಿ ಮೆಲ್ಬರ್ನ್‌ಗೆ ಹೋದಾಗ ಹಳೆಯ ಮರದಂಗಡಿಯೊಂದರಲ್ಲಿ ಹೊಸ್ತಿಲಿಗೆ ಹೊಂದುವ ತೇಗದ ತುಂಡು ಸಿಕ್ಕಿತು. ಹಾಯಿ ಕಟ್ಟಿ ಓಡುತ್ತಿದ್ದ ಯುದ್ಧನೌಕೆಯದಂತೆ. ಬೊಂಬಾಯಿಯಲ್ಲಿ ಕಟ್ಟಿದ್ದು, ಮರ ನಮ್ಮ ದಾಂಡೇಲಿ ಕಡೆಯದೇ ಇರಬೇಕು. ತೋಪು ಹೊತ್ತು ಸಮುದ್ರಗಳನ್ನು ಸುತ್ತಿ, ಉಗಿಹಡಗು ಬಂದಮೇಲೆ ಯಾರಿಗೂ ಬೇಡವಾಗಿ, ಮೆಲ್ಬರ್ನ್ ಬಂದರಿನಲ್ಲಿ ಕೈದಿಗಳನ್ನು ತುಂಬುವ ಜೈಲಾಗಿ ಕೊಳೆತು, ಕೊನೆಗೆ ಒಡೆಸಿಕೊಂಡಿತೆಂದು ಅಂಗಡಿಯವನು ಹೇಳಿದ. ಊರ ಕಟ್ಟಿಗೆಯೆಂಬ ಖುಷಿಯಲ್ಲಿ ಕಾರಿಗೆ ಹೇರಿಕೊಂಡು ಬಂದೆ.

ಹೊಸ್ತಿಲು ಕೂರಿಸಿದ ಸಂಜೆ ಅತ್ತೆ ಅರಿಶಿನ ಕುಂಕುಮ ಹಚ್ಚಿ, ದೀಪವಿಟ್ಟು, ಬಾಗಿಲು ತೆರೆದು, "ಒಳಗ ಬರ್ರಿ" ಎಂದು ಕೈಮುಗಿದರು. ಕರೆದದ್ದು ಲಕ್ಷ್ಮಿಯನ್ನು.

ಸ್ವಲ್ಪ ಹೊತ್ತಿಗೆ ಉಪ್ಪುನೀರಿನ ವಾಸನೆ ಬಂತು. ಮಳೆಯಿಲ್ಲ, ಸಮುದ್ರ ಎಲ್ಲೋ ದೂರ. ನೋಡಿದರೆ ಟೈಲ್ಸ್ ಮೇಲೆ ಒದ್ದೆ ಬರಿಗಾಲ ಹೆಜ್ಜೆಗಳು. ಒಬ್ಬರವಲ್ಲ, ಹಲವರವು. ಹೊಸ್ತಿಲಿನಿಂದ ನೇರ ಕೂಸಿಗೆಂದು ಅಣಿ ಮಾಡಿದ್ದ ಕೋಣೆಗೆ. ನಮ್ಮ ಮೂವರ ಕಾಲುಗಳೂ ಒದ್ದೆಯಾಗಿರಲಿಲ್ಲ.

ಸುಧಾ ಮನೆ ಮುಂದಿನ ಡ್ರೈವ್‌ವೇಗೆ ಓಡಿದಳು. "ಆ ಕಟ್ಟಿಗಿ ಕಿತ್ತ ಒಗೀರಿ. ಇಲ್ಲಾಂದ್ರ ನಾನೂ ಕೂಸೂ ಈ ಮನೀಗೆ ಬರೂದಿಲ್ಲ."

ನಾನು ಹಾರೆ ತಂದೆ. ಅತ್ತೆ ಅಡ್ಡ ನಿಂತರು.

"ಕರದಾಕಿ ನಾನು. ಮನೀಗೆ ಕರದು, ನೀರೂ ಕೊಡದ ಹೊರಗ ಹಾಕ್ತಾರೇನ್ರಿ?"

ತಂಬಿಗೆ ನೀರು, ಬೆಲ್ಲ ಒಯ್ದು ಕೋಣೆಯಲ್ಲಿಟ್ಟು, ಬೀಗರ ಜೊತೆ ಮಾತಾಡುವಂತೆ ಹೇಳಿದರು: "ಭಾಳ ದೂರದಿಂದ ಬಂದೀರಿ. ಕುಡೀರಿ. ನನ್ನ ಮಗಳು ಅಂಜ್ಯಾಳ, ಆಕೀಗೆ ಜಾಗಾ ಬಿಡ್ರಿ."

ಹೊರಗೆ ಬಂದು ಬಾಗಿಲೆದುರೇ ಕೂತೆವು, ಕಣ್ಣು ಹೊಸ್ತಿಲ ಮೇಲೆ. ಬಹಳ ಹೊತ್ತಿನ ಮೇಲೆ ನಾನೊಬ್ಬನೇ ಒಳಗೆ ಹೋದೆ. ನೆಲ ಒಣಗಿತ್ತು. ತಂಬಿಗೆ ಬರಿದಾಗಿತ್ತು. ಸುಧಾ ತಾಯಿಯ ಕೈಹಿಡಿದು ನಿಧಾನ ಹೊಸ್ತಿಲು ದಾಟಿದಳು.

ಮಗಳು ಆರೋಗ್ಯವಾಗಿ ಹುಟ್ಟಿದಳು, ಆ ಕೋಣೆಯಲ್ಲೇ ಬೆಳೆಯುತ್ತಿದ್ದಾಳೆ. ಅದೇನು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಳಗೆ ಬಂದ ಹೆಜ್ಜೆಗಳನ್ನು ಮೂವರೂ ಕಂಡೆವು. ಹೊರಗೆ ಹೋದದ್ದನ್ನು ಯಾರೂ ಕಾಣಲಿಲ್ಲ.