ದಂಡೆಗೆ ಒಂದು ಬಳುಕುವ ಕೋಲು

ಈ ಪರದೇಶದ ಆಲ್ಮೆರೆ ಊರಿಗೆ ಬಂದ ಮೊದಲ ವಾರ, ಮನೆಯ ಹಿಂದಿನ ಕಾಲುವೆ ದಂಡೆಯಲ್ಲಿ ಒಬ್ಬ ಮುದುಕ ಮೊಳದುದ್ದದ ಮೀನು ಹಿಡಿದ. ಅದರ ಮೂತಿಗೊಂದು ಮುತ್ತು ಕೊಟ್ಟು ಮತ್ತೆ ನೀರಿಗೇ ಬಿಟ್ಟುಬಿಟ್ಟ. ತಲೆ ನೆಟ್ಟಗಿಲ್ಲ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಆತನೇ ನಮ್ಮ ಪಕ್ಕದ ಮನೆಯ ವಿಮ್, ಮತ್ತು ಇಲ್ಲಿ ಬಹುಪಾಲು ಜನ ಮೀನು ಹಿಡಿಯುವುದೇ ಬಿಡುವುದಕ್ಕೆ.

ನಮ್ಮ ಜಮಖಂಡಿ ಕಡೆ ಕೃಷ್ಣಾ ಹೊಳೆಯ ಮೀನು ಬುಟ್ಟಿಗೆ ಬಿತ್ತೆಂದರೆ ಅದರ ಕಥೆ ಮುಗಿಯಿತು, ಸಂತೆಗೇ ಹೋಗಬೇಕು. ನಮ್ಮದೋ ಮೀನಿನಂಗಡಿಯ ಮುಂದೆ ಮೂಗಿಗೆ ಸೆರಗು ಹಿಡಿದು ದಾಟುವ ಮನೆತನ. ನನ್ನ ಗಂಡ ಮಲ್ಲಿಕಾರ್ಜುನ ಇನ್ನೂ ಒಂದು ಕೈ ಮೇಲು. ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸದೆ ಆಫೀಸಿನವರ ಹುಟ್ಟುಹಬ್ಬದ ಕೇಕನ್ನೂ ಮುಟ್ಟದವರು. ಅಂಥವರು ಈ ವರ್ಷ ಶನಿವಾರ ಬಂತೆಂದರೆ ಗಾಳ ಹಿಡಿದು ಕೂರತೊಡಗಿದರು. ಯಾಕೆಂದು ಹೇಳಬೇಕಾದರೆ ಜನವರಿಯ ಮಾತು ಹೇಳಬೇಕು.

ಜನವರಿಯಲ್ಲಿ ನಮಗೆ ಹೆಣ್ಣು ಮಗು ಹುಟ್ಟಿತು. ಏಳು ತಿಂಗಳಿಗೇ, ಉಸಿರಿಲ್ಲದೆ. ಊರಿನಲ್ಲಾಗಿದ್ದರೆ ಹಿರಿಯರು ತಾಯಿಗೆ ಮುಖವನ್ನೂ ತೋರಿಸದೆ ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬರುತ್ತಿದ್ದರು. ಇಲ್ಲಿ ಹೆರಿಗೆಗೆಂದೇ ಓದಿ ಬಂದ ಸೂಲಗಿತ್ತಿ ಇರುತ್ತಾಳೆ, ‘ಫರ್‌ಲೋಸ್ಕುಂದಿಗೆ’ ಎನ್ನುತ್ತಾರೆ. ಆಕೆ ಮೊದಲು ಕೇಳಿದ್ದೇ ಹೆಸರು. ನೀಲಾ ಎಂದೆ. ನೀಲಾ, ನೀಲಾ ಎನ್ನುತ್ತಲೇ ಮೈ ತೊಳೆದು, ಕಂಬಳಿ ಸುತ್ತಿ, ನನ್ನ ಕೈಗೆ ಕೊಟ್ಟಳು. ಒಂದಿಡೀ ದಿನ ಮಗು ನಮ್ಮ ಕೋಣೆಯಲ್ಲೇ ಇತ್ತು. ಎಂಥ ಕಟುಕರಪ್ಪ ಇವರು ಎನಿಸಿತ್ತು ಆಗ. ಈಗ ನನ್ನ ಬಳಿ ಇರುವುದು ಅದೊಂದೇ ದಿನ. ಊರಂಚಿನ ಸ್ಮಶಾನದಲ್ಲಿ ಬರ್ಚ್ ಮರಗಳ ಕೆಳಗೆ ಅವಳನ್ನು ಮಲಗಿಸಿ ಬಂದೆವು.

ಅಂದಿನಿಂದ ನನ್ನ ಗಂಡನ ಬಾಯಲ್ಲಿ ಆ ಹೆಸರು ಒಮ್ಮೆಯೂ ಬರಲಿಲ್ಲ. ಜಮಖಂಡಿಯಿಂದ ಅತ್ತೆ ಫೋನು ಮಾಡಿ, ಆದದ್ದು ಆಗಿಹೋಯಿತು, ಅದರ ಸುದ್ದಿ ಎತ್ತಬೇಡಿ, ಪುಣೆಯ ಆಫೀಸಿಗೆ ವರ್ಗ ಮಾಡಿಸಿಕೊಂಡು ಬಂದುಬಿಡಿ ಎನ್ನುತ್ತಿದ್ದರು. ಇವರು ಹೂಂಗುಟ್ಟುತ್ತಿದ್ದರು. ಮಗುವನ್ನು ಒಬ್ಬಳನ್ನೇ ಬಿಟ್ಟು ನಾನು ಬರುವುದಿಲ್ಲ ಎಂದೆ. ಅದಕ್ಕೂ ಹೂಂ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಈ ಮನುಷ್ಯನಿಗೆ ಮಗಳು ಹುಟ್ಟೇ ಇಲ್ಲ ಎಂದುಕೊಳ್ಳುತ್ತಿದ್ದೆ.

ವಿಮ್ ಸಮಾಧಾನದ ಮಾತಾಡುವವನಲ್ಲ. ಒಂದು ಬೆಳಿಗ್ಗೆ ಬಂದು ಇವರ ಕೈಗೆ ತನ್ನ ಹಳೆಯ ಗಾಳ ಕೊಟ್ಟು ಕರೆದುಕೊಂಡು ಹೋದ. ಅಂದಿನಿಂದ ಇವರು ದಂಡೆಯವರಾದರು. ಕಿಟಕಿಯಿಂದ ನೋಡುತ್ತಿದ್ದೆ. ಮನೆಯಲ್ಲಿ ಮೂಕನಾದವರು ಅಲ್ಲಿ ವಿಮ್‌ನ ಜೊತೆ ಏನೋ ಮಾತಾಡುತ್ತಿದ್ದರು. ಜೂನ್ ತಿಂಗಳಲ್ಲಿ ನನಗೆ ತಡೆಯದಾಯಿತು. ನನಗೂ ಒಂದು ಗಾಳ ಬೇಕು ಎಂದೆ. ಸುಮ್ಮನೆ ಪಕ್ಕದಲ್ಲಿ ಹೋಗಿ ಕೂತರೆ ಎದ್ದು ಬಂದುಬಿಡುತ್ತಾರೆ, ಗಾಳ ಹಿಡಿದು ಕೂತರೆ ಏಳಲಾರರು ಎಂಬುದು ನನ್ನ ಲೆಕ್ಕ. ವಿಸ್‌ಪಾಸ್ ಎಂಬ ಅನುಮತಿ ಕಾರ್ಡು ಮಾಡಿಸಿಕೊಂಡು ಅಂಗಡಿಗೆ ಹೋದೆವು.

ಒಂದು ಗಾಳಕ್ಕೆ ಇಷ್ಟು ಜಾತಿಯೇ ಎಂದು ಬೆರಗಾಯಿತು. ಅಂಗಡಿಯ ಹುಡುಗಿ ದೋಣಿಯಿಂದಲೋ ದಂಡೆಯಿಂದಲೋ ಎಂದಳು. ಯಾವ ಮೀನು ಎಂದಳು. ಬಾರ್ಸ್ ಎಂದರು ಇವರು, ಇಲ್ಲಿಯ ಕಾಲುವೆಗಳಲ್ಲಿರುವ ಕೆಂಪು ರೆಕ್ಕೆಯ ಪಟ್ಟೆಮೀನು. ಎರೆಹುಳ ಚುಚ್ಚುವುದು ನನ್ನಿಂದಾಗದು ಎಂದೆ. ಹುಡುಗಿ ನಕ್ಕು ರಬ್ಬರಿನ ಹುಳ ತೋರಿಸಿದಳು. ಮೀನಿನ ಬಾಯಿಗೆ ಕೊಕ್ಕೆ ಹಾಕಲು ಹೊರಟವಳ ಧರ್ಮಸೂಕ್ಷ್ಮ ನೋಡಿ! ಅಂಗಡಿಯಲ್ಲಿದ್ದವುಗಳಲ್ಲೇ ದಪ್ಪನೆಯದೊಂದು ಕೋಲು, ತಂಬಿಗೆಯಂಥ ರೀಲು ಕೈಗೆತ್ತಿಕೊಂಡೆ. ಗಟ್ಟಿಯಾಗಿದ್ದರೆ ಬಾಳುತ್ತದೆ ಎಂಬುದು ನಮ್ಮ ಬಜಾರಿನ ಬುದ್ಧಿ. ಇವರು ಅದನ್ನು ವಾಪಸು ಇಟ್ಟರು.

ಆಮೇಲೆ ಮಾತಾಡಿದರು. ದಂಡೆಯಲ್ಲಿ ಜೊಂಡು ಇದೆ, ಅದನ್ನು ದಾಟಿಸಲು ಕೋಲು ನನಗಿಂತ ಉದ್ದವಿರಬೇಕು. ಆದರೆ ಹಗುರವಿರಬೇಕು, ತುದಿ ಬಳುಕಬೇಕು. ರೀಲು ಅಂಗೈಯಲ್ಲಿ ಕೂರುವಷ್ಟು ಚಿಕ್ಕದು ಸಾಕು, ದಾರ ತೆಳ್ಳಗಿರಲಿ. ರೀಲಿನ ಮೇಲಿನ ತಿರುಪನ್ನು ಇಲ್ಲಿ ಸ್ಲಿಪ್ ಎನ್ನುತ್ತಾರೆ. ಮೀನು ಎಳೆದಾಗ ದಾರ ಎಷ್ಟು ಬಿಡಬೇಕೆಂಬುದು ಅದರ ಕೈಯಲ್ಲಿದೆ. ಅದನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ತೋರಿಸಿದರು. ಐದು ತಿಂಗಳಲ್ಲಿ ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

“ಬಿಗಿ ಹಿಡದು ಜಗ್ಗಿದ್ರ ಅದರ ತುಟಿ ಹರೀತದ,” ಎಂದರು. “ಭಾಳ ತೆಳ್ಳಗಿರ್ತದ.”

ಮೀನಿನ ತುಟಿಯ ಮೇಲೆ ಇಷ್ಟು ಅಂತಃಕರಣ, ಹೆತ್ತ ಮಗಳ ಮೇಲೆ ಇಲ್ಲ. ಮೀನಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು. ಅವರು ಆರಿಸಿದ್ದನ್ನೇ ಕೊಂಡು ಮನೆಗೆ ಬಂದೆ.

ಮರುದಿನ ದಂಡೆಯಲ್ಲಿ ಇಬ್ಬರೇ ಕೂತೆವು. ನನ್ನ ದಾರ ಮೊದಲು ಜೊಂಡಿಗೆ ಸಿಕ್ಕಿತು, ಆಮೇಲೆ ನನ್ನ ಓಢಣಿಗೇ ಸಿಕ್ಕಿತು. ಇವರು ಬಿಡಿಸಿ ಕೊಟ್ಟರು. ಬಿಸಿಲೇರುವ ಹೊತ್ತಿಗೆ ಕೋಲಿನ ತುದಿ ನಡುಗಿ ಬಗ್ಗಿತು. ನಾನು ಗಾಬರಿಯಾಗಿ ಎದ್ದು ನಿಂತೆ. ಹಗೂರಕ ಸುತ್ತು ಎನ್ನುತ್ತ ಇವರು ದಂಡೆಯಂಚಿಗೆ ಇಳಿದರು. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆಂದು ಎರಡೂ ಕೈ ನೀರಲ್ಲಿ ಅದ್ದಿಕೊಂಡರು. ಬಾರ್ಸನ್ನು ಬೊಗಸೆಯಲ್ಲಿ ತೆಗೆದುಕೊಂಡು ಕೊಕ್ಕೆ ಬಿಡಿಸಿದರು. ತುಟಿ ಹರಿದಿರಲಿಲ್ಲ.

ಆದರೆ ಮೀನನ್ನು ಬಿಡಲಿಲ್ಲ. ಬೊಗಸೆಯನ್ನೇ ನೋಡುತ್ತ ಕೂತರು. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಬಿಡ್ರಿ, ಸಾಯ್ತದ ಎಂದೆ. ಕೈ ನೀರಿಗಿಳಿಸಿದರು. ಅದು ಒಮ್ಮೆ ಬಾಲ ಬಡಿದು ಹೋಯಿತು. ಇವರ ಕೈ ಮಾತ್ರ ನೀರಲ್ಲಿ ಹಾಗೆಯೇ ಇತ್ತು.

“ನೀಲಾನ್ನ ನಾ ಎತ್ಕೊಳ್ಳಲೇ ಇಲ್ಲ,” ಎಂದರು. “ಅವ್ವ ಮುಟ್ಟಬ್ಯಾಡ ಅಂದಿದ್ಲು ಫೋನಿನಾಗ. ಆ ಸೂಲಗಿತ್ತಿ ಎರಡು ಸಲ ಕೂಸನ್ನ ನನ್ನ ಮುಂದ ಹಿಡದ್ಲು. ನಾ ಕಿಟಕಿ ಕಡೆ ಹೊಳ್ಳಿ ನಿಂತೆ.”

ನನಗೆ ನೆನಪಾಯಿತು. ಆ ದಿನವೆಲ್ಲ ಇವರು ಕಿಟಕಿಯ ಬಳಿ ನಿಂತಿದ್ದರು. ಅಳು ಮರೆಸಲು ನಿಂತಿದ್ದಾರೆ ಎಂದುಕೊಂಡಿದ್ದೆ. ಈಗ ಅಳುತ್ತಿದ್ದರು. ನಾನು ಅವರ ಒದ್ದೆ ಕೈ ಹಿಡಿದುಕೊಂಡೆ. ಎಷ್ಟು ಭಾರವಿದ್ದಳು ಎಂದು ಕೇಳಿದರು. ಒಂದು ಸೇರು ಜೋಳದಷ್ಟು ಎಂದೆ. ಕೂದಲಿತ್ತೇ ಎಂದರು. ಇತ್ತು, ನಿಮ್ಮಂತೆ ಗುಂಗುರು ಎಂದೆ. ಅಂದು ಮತ್ತೆ ಗಾಳ ಹಾಕಲಿಲ್ಲ.

ಆ ಸಂಜೆಯೇ ಅತ್ತೆಯ ಫೋನು ಬಂತು. ಅದೇ ಪುಣೆಯ ಮಾತು. ಅಲ್ಲಿ ನಿಮಗೇನು ಮಕ್ಕಳೇ ಮರಿಯೇ, ಎದ್ದು ಬನ್ನಿ ಎಂದರು. ಇವರು ಈ ಸಲ ಹೂಂ ಎನ್ನಲಿಲ್ಲ.

“ನಮಗ ಒಬ್ಬಾಕಿ ಮಗಳದಾಳವ್ವ ಇಲ್ಲೆ,” ಎಂದರು. “ಸದ್ಯ ಬರಾಂಗಿಲ್ಲ.”

ನಾನು ಬೇಡಿದ್ದು ಇದನ್ನೇ. ಸಿಕ್ಕ ಮೇಲೆ ಹೆದರಿಕೆಯಾಯಿತು. ಇನ್ನು ನಮ್ಮ ಮಣ್ಣು ಇದು, ನಾವು ಸದ್ಯಕ್ಕೆ ಇಲ್ಲಿಯವರು. ಫೋನಿನಲ್ಲಿ ಅತ್ತೆಯ ದನಿ ಬಂತು, ಸಣ್ಣಗೆ.

“ಹೆಸರು ಏನ್ ಇಟ್ಟಿದ್ರಿ?”

ಇವರು ಹೇಳಿದರು. ಸಾವಿರಾರು ಮೈಲಿಯಾಚೆ, ನನ್ನ ಮಗಳ ಹೆಸರು ಹಿಡಿದು ಆಕೆ ಅಳುವುದು ಕೇಳಿಸಿತು. ನನಗೆ ಆಗಲೇ ಎದ್ದು ಜಮಖಂಡಿಗೆ ಹೋಗಿ ಆಕೆಯ ಪಕ್ಕ ಕೂರಬೇಕು ಎನಿಸಿತು.