ಮ್ಯೂರಿಯಲ್ ಹೆಸರಿನ ಹೇರ್‌ಸ್ಪ್ರೇ

ಆಸ್ಟ್ರೇಲಿಯಾದ ಡಾರ್ಲಿಂಗ್ ಡೌನ್ಸ್ ಕಡೆ ಹೇರ್‌ಸ್ಪ್ರೇ ಹೆಂಗಸರಿಗಿಂತ ದನಗಳಿಗೇ ಹೆಚ್ಚು ಖರ್ಚಾಗುತ್ತದೆ. ದನಗಳ ಪ್ರದರ್ಶನದ ದಿನ ಕಡಸಿನ ಬಾಲದ ಕುಚ್ಚನ್ನು ಮೇಲಕ್ಕೆ ಬಾಚಿ, ಉಂಡೆ ಕಟ್ಟಿ, ಕದಲದಂತೆ ಸ್ಪ್ರೇ ಹೊಡೆಯಬೇಕು. ಊರಾಚೆ ಒಂಟಿಯಾಗಿದ್ದ ಕ್ಲೆಮ್ ಹ್ಯಾಡ್ರಿಕ್ ಅದಕ್ಕೆಂದೇ ಟೂವೂಂಬಾ ಪಟ್ಟಣದ ಔಷಧಿ ಅಂಗಡಿಗೆ ಹೋಗಿದ್ದ. ಆ ಅಂಗಡಿಯ ಕೆಲಸಕ್ಕೆ ಬ್ರಿಸ್ಬೇನ್ ನಗರದಿಂದ ಹೊಸದಾಗಿ ಬಂದಿದ್ದ ನೊರೀನ್‌ಗೆ ಈ ವಿದ್ಯೆಯೆಲ್ಲ ಎಲ್ಲಿ ಗೊತ್ತು?

“ಮನೆಯವ್ರಿಗಾ?” ಎಂದು ನಕ್ಕಳು.

ಅವನ ಮನೆಯ ಸುದ್ದಿಯನ್ನು ಯಾರಾದರೂ ಕೇಳಿ ಎಷ್ಟೋ ವರ್ಷವಾಗಿತ್ತು. “ಹೂಂ” ಎಂದುಬಿಟ್ಟ. ಹೆಸರು ಕೇಳಿದಳು, “ಮ್ಯೂರಿಯಲ್” ಎಂದ. ಐವತ್ತು ದಾಟಿದ ಗಂಡಸು ನಿಂತ ನಿಲುವಿನಲ್ಲೇ ಸಂಸಾರಸ್ಥನಾದ.

ಆಮೇಲೆ ಶುಕ್ರವಾರ ಬಂತೆಂದರೆ ಹೇರ್‌ಸ್ಪ್ರೇ ಕೊಳ್ಳುವ ಚಾಳಿ ಹತ್ತಿತು. ನೊರೀನ್ ತಾನು ಕಾಣದ ಮ್ಯೂರಿಯಲ್‌ಗೆ ಬುದ್ಧಿ ಹೇಳಿ ಕಳಿಸುವಳು. “ಜೇಬಿಗೆ ಪೆನ್ನಿನ ಶಾಯಿ ಹತ್ತಿದೆಯಲ್ಲ, ಇದನ್ನೇ ಹೊಡೆದು ಒರೆಸೋಕೆ ಹೇಳಿ. ಕಾಲುಚೀಲ ಎಳೆ ಬಿಟ್ರೂ ಇದೇ. ನೊಣಕ್ಕೆ ಹೊಡೆದ್ರೆ ರೆಕ್ಕೆ ಅಂಟಿ ದೊಪ್ಪಂತ ಬೀಳುತ್ತೆ!” ಕ್ಲೆಮ್ ಮನೆಗೆ ಹೋಗಿ ಒಬ್ಬನೇ ಕೂತು ಅಂಗಿಯ ಕಲೆ ತೆಗೆಯುವನು, ಕಿಟಕಿಯ ನೊಣ ಬೀಳಿಸುವನು. ಮುಂದಿನ ವಾರ, “ಮ್ಯೂರಿಯಲ್ ಖುಷಿಯಾದ್ಲು” ಎಂದು ವರದಿ ಒಪ್ಪಿಸುವನು. ನಿಜ ಹೇಳಿದರೆ ಮಾತೇ ನಿಂತುಹೋದೀತೆಂಬ ಹೆದರಿಕೆ. ಅದು ಬಿಟ್ಟರೆ ವಾರಪೂರ್ತಿ ಆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೋ ಒಂದೇ. ಪೆದ್ದ! ನೊರೀನ್ ಮೇಲೆ ಜೀವವಿಟ್ಟುಕೊಂಡು, ಅವಳೆದುರಿಗೇ, ಇಲ್ಲದ ಹೆಂಡತಿಯನ್ನು ಹೊಗಳುತ್ತಿದ್ದ.

ಮರುವರ್ಷ ಪ್ರದರ್ಶನದ ಕೊಟ್ಟಿಗೆಗೆ ನೊರೀನ್ ಮ್ಯೂರಿಯಲ್‌ಳನ್ನು ನೋಡಲೆಂದೇ ಬಂದಳು. ಕ್ಲೆಮ್ ಕಡಸಿನ ಬಾಲ ಹಿಡಿದು ಸ್ಪ್ರೇ ಹೊಡೆಯುತ್ತಿದ್ದ.

“ಎಲ್ಲಿ ನಿಮ್ಮನೆಯವ್ರು?”

ಪಕ್ಕದಲ್ಲಿ ದನ ಕಟ್ಟಿದ್ದ ಮುದುಕ ಬರ್ಟ್ ಗಹಗಹಿಸಿದ. “ತಾಯೀ, ಇವನಿಗೆಲ್ಲಿ ಹೆಂಡ್ತಿ? ಬಾಲಕ್ಕೆ ಮಾಡೋ ಈ ಸೇವೆ ನೋಡಿದ್ರೆ ಯಾವ ಹೆಣ್ಣು ತಾನೆ ಒಪ್ತಾಳೆ!”

ಕ್ಲೆಮ್ ತಲೆ ತಗ್ಗಿಸಿದ. “ಇಲ್ಲ ನೊರೀನ್. ಯಾರೂ ಇಲ್ಲ. ನೀವು ಮಾತಾಡಿಸ್ತಿದ್ರಿ, ಅದಕ್ಕೇ...”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಬರೋ ಹೊತ್ತಿಗೆ ನಾನು ತುಟಿಯ ಬಣ್ಣ ಒರೆಸಿಕೊಂಡುಬಿಡ್ತಿದ್ದೆ ಕ್ಲೆಮ್. ಇನ್ನೊಬ್ಬಳ ಗಂಡನ ಮುಂದೆ ಸಿಂಗಾರ ಯಾಕೆ ಅಂತ. ಹೋದ ತಿಂಗಳು ಸಿಡ್ನಿಯವರೊಬ್ಬರ ಜೊತೆ ಮದುವೆಗೆ ಒಪ್ಪಿಗೆ ಕೊಟ್ಟೆ. ಸೋಮವಾರ ಹೊರಡ್ತೀನಿ” ಎಂದಳು.

ಅಷ್ಟರಲ್ಲಿ ತೀರ್ಪುಗಾರರ ಕಡೆಯಿಂದ ಅವನ ಹೆಸರು ಕೂಗಿದರು. ಕ್ಲೆಮ್ ಕಡಸಿನ ಹಗ್ಗ ಹಿಡಿದು ಹೋಗಿಬಿಟ್ಟ. ತಿರುಗಿ ಬಂದಾಗ ಕೊಟ್ಟಿಗೆಯಲ್ಲಿ ಬರ್ಟ್ ಮಾತ್ರ ಇದ್ದ.

“ಪಾಪ, ಆಯಮ್ಮ ಬಹಳ ಹೊತ್ತು ಕಾದ್ಲು ಕಣೋ” ಎಂದ.