ಒಂಬತ್ತು ಮೊಳಕೆಯ ಚೀಟಿ

ಮಯೂರಿಯ ಬಗ್ಗೆ ಔರಾದ ಶಹಾಜನಿಯ ಓಣಿಯವರದು ಒಂದೇ ಮಾತು: "ವಿಶ್ವನಾಥಪ್ಪನ ಮಗಳು ಬೀಗ ಹಾಕಿ ಮೂರು ಸಲ ಜಗ್ಗತಾಳ. ಓಣಿ ದಾಟಿದ್ಮ್ಯಾಲ ಹೊಳ್ಳಿ ಬಂದು ನಾಕನೇ ಸಲ ಜಗ್ಗತಾಳ."

ಜಗ್ಗದೆ ಬಿಟ್ಟದ್ದು ಒಂದೇ ಸಲ.

ಅಪ್ಪನದು ಕಾಳಿನ ಅಂಗಡಿ. ಬಿತ್ತನೆಯ ಮಿರಗದ (ಮೃಗಶಿರಾ) ಮಳೆಗೆ ಮುಂಚೆ ರೈತರು ಮನೆಯ ಸೋಯಾಬೀನ್ ಬೀಜ ತಂದು ಪರೀಕ್ಷೆ ಮಾಡಿಸುತ್ತಾರೆ. ನೂರು ಕಾಳು ಒದ್ದೆ ಗೋಣಿತಟ್ಟಿನಲ್ಲಿ ಗಂಟು ಕಟ್ಟಿಟ್ಟು, ಎಪ್ಪತ್ತು ಮೊಳೆತರೆ ಬಿತ್ತಬಹುದು; ಕಡಿಮೆಯಾದರೆ ಬೇಡ. ಮಯೂರಿ ಇದಕ್ಕೊಂದು ಪೈಥಾನ್ ಪ್ರೋಗ್ರಾಂ ಬರೆದಳು. ಕಪ್ಪು ಪರದೆಯ ಮೇಲೆ ಅದರ ಹೆಸರು, ಮುಂದೆ ಗಂಟಿನ ನಂಬರು, ಮೊಳೆತದ್ದೆಷ್ಟು, ಬೇಕಾದದ್ದೆಷ್ಟು ಎಂದು ಒತ್ತಿದರೆ ಚೀಟಿ ಹೊರಬರುತ್ತಿತ್ತು. ತಾನು ಮದುವೆಯಾಗಿ ಮಾಕಣಿಗೆ ಹೋದ ಮೇಲೆ ಅಪ್ಪನಿಗೆ ಆಸರೆಯಾಗಲಿ ಎಂದು.

ಮದುವೆಗೆ ಎಂಟು ದಿನವಿತ್ತು. ಮುದುಕಿ ಗೌರಾಬಾಯಿ ತಂದ ಬೀಜದ ಗಂಟಿನಲ್ಲಿ ಮೊಳೆತದ್ದು ಒಂಬತ್ತೇ ಕಾಳು. ಚೀಟಿ ಹೇಳಿತು: ಬಿತ್ತಬಹುದು. ಮುದುಕಿ ಅದನ್ನು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಆಮೇಲೆ ಲೆಕ್ಕ ನೋಡಿದ ಮಯೂರಿ ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದಳು.

"ಆಯೀ, ಆ ಚೀಟಿ ಕೊಡ್ರಿ! ಸುಳ್ಳದ ಅದು."

"ಮಿಶಿನ್ ಸುಳ್ಳ ಹೇಳತದೇನವ್ವಾ?"

"ನಾನೇ ಹೇಳಿಸೀನ್ರಿ."

ಹೌದು, ತಪ್ಪು ಅವಳದೇ. ಮೂರೂ ಸಂಖ್ಯೆಗಳ ಮುಂದೆ 'ಇದು ಪೂರ್ಣಾಂಕ' ಎಂದು ಟೈಪ್ ಹಿಂಟ್ ಬರೆದು ನಂಬಿ ಕೂತಿದ್ದಳು. ಹಿಂಟ್ ಎಂದರೆ ಬಾಗಿಲ ಮೇಲಿನ ಹೆಸರು, ಬೀಗವಲ್ಲ, ಯಾರನ್ನೂ ತಡೆಯದು. ಒತ್ತಿದ್ದೆಲ್ಲ ಒಳಗೆ ಬರೀ ಅಕ್ಷರವಾಗಿ ಬಂದಿತ್ತು, ಅಕ್ಷರಗಳನ್ನು ಹೋಲಿಸುವುದು ಮೊದಲನೆಯದರಿಂದ; 7ಕ್ಕಿಂತ 9 ದೊಡ್ಡದು, ಹಾಗಾಗಿ 70ಕ್ಕಿಂತಲೂ 9 ದೊಡ್ಡದು. ಆ ಮುದುಕಿಯ ಇಡೀ ಹೊಲ ಬಂಜರಾಗುತ್ತಿತ್ತು!

ಅಂದೇ ಬಾಗಿಲಿಗೆ ಬೀಗ ಬಿತ್ತು: ಬಂದದ್ದನ್ನು ಪೂರ್ಣಾಂಕ ಮಾಡು, ಆಗದಿದ್ದರೆ ನಿಲ್ಲು. ಮರುದಿನ ಮೊದಲ ಗಂಟಿಗೇ ಪ್ರೋಗ್ರಾಂ ನಿಂತಿತು. ಗಂಟಿನ ನಂಬರಿಗೆ ಅಪ್ಪ ಒತ್ತಿದ್ದು 'ಲಾಭ'.

"ಒಂದು ಅಂತ ಹಾಕ್ರಿ ಅಪ್ಪಾ."

"ಕಾಳು ಅಳೀವಾಗ ಮೊದಲ್ನೇದಕ್ಕ ಒಂದು ಅಂತಾರೇನವ್ವಾ? ಲಾಭ, ಎರಡು, ಮೂರು. ನಿಮ್ಮಜ್ಜನ ಬಾಯಾಗ ಒಂದು ಬಂದೇ ಇಲ್ಲ. ನಿನ್ನ ಮಿಶಿನ್‌ಗೆ ಸಂಸ್ಕಾರಿಲ್ಲ, ತಗದಿಡು."

ಅಪ್ಪ ಇದನ್ನು ಬಿಟ್ಟು, ಮಂಜಾದ ಕಣ್ಣಿನ ಅಂದಾಜಿನಲ್ಲಿ ಚೀಟಿ ಬರೆದರೆ? ಮಯೂರಿ ಅರಿಸಿನ ಹಚ್ಚಿದ ಕೈಯಲ್ಲೇ ಕೂತು ನಂಬರು ಓದುವುದಕ್ಕೊಂದು ಪುಟ್ಟ ಫಂಕ್ಷನ್ ಬರೆದಳು: ಲಾಭ ಬಂದರೆ ಒಂದೆಂದು ತಿಳಿ, ಉಳಿದದ್ದು ಪೂರ್ಣಾಂಕವಾಗಲೇಬೇಕು.

ಗಂಡನ ಮನೆಗೆ ಹೊರಡುವ ದಿನ ಹೊಸ್ತಿಲು ದಾಟಿ ಜೀಪಿನ ತನಕ ಹೋದವಳು ನಿಂತಳು. ಹೊರಟ ಮದುಮಗಳು ಹಿಂತಿರುಗಿ ಒಳಗೆ ಹೋಗುವಂತಿಲ್ಲ.

"ಅಪ್ಪಾ, ಲಾಭ, ಒಂಬತ್ತು, ಎಪ್ಪತ್ತು ಹಾಕಿ ನೋಡ್ರಿ!"

ತಾಯಿ ಶಕುಂತಲಾಬಾಯಿ ಹಣೆ ಬಡಿದುಕೊಂಡಳು. "ಬೀಗರು ನಿಂತಾರ, ಈಕಿಗಿ ಮೊಳಕಿ ಚಿಂತಿ!"

ಒಳಗೆ ಒಂದೊಂದೇ ಕೀಲಿ ಟಕ್ಕೆಂದಿತು. ಮಯೂರಿ ಜೀಪಿನ ಬಾಗಿಲು ಹಿಡಿದು ಕಿವಿಗೊಟ್ಟಳು.

"ಬಿತ್ತಬ್ಯಾಡ ಅಂತದವ್ವಾ!"

ಅವಳು ಕಣ್ಣೊರೆಸಿಕೊಂಡು ಹತ್ತಿ ಕೂತಳು. ಇನ್ನೊಂದು ಸಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಜೀಪು ಹೊರಟಿತ್ತು.